ಪಾಠಕ್ಕೆ ಬೇಕು, ವೋಟಿಗೆ ಬೇಡ: ಕೇಂಬ್ರಿಡ್ಜ್ ಮೇಡಂಗಳ ಎಂಬತ್ತು ವರ್ಷ

ಕಾಲೇಜು ಮೇಷ್ಟ್ರುಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ 'ವರ್ಕ್‌ಲೋಡ್'. ಸರ್ಕಾರಿ ಕಾಗದದಲ್ಲಿ ಇದೇ 'ಕಾರ್ಯಭಾರ'. ವಾರಕ್ಕೆ ಎಷ್ಟು ಗಂಟೆ ಪಾಠ ಎಂಬ ಲೆಕ್ಕ. ಯುಜಿಸಿ ನಿಯಮದಂತೆ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಅವರಿಗಿಂತ ಮೇಲಿನವರಿಗೆ 14 ಗಂಟೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರಲ್ಲಿ ಸಂಬಳ ಏರಿಸಿದಾಗ ಗಂಟೆಯನ್ನೂ ಏರಿಸಿ 15ಕ್ಕೆ ತಂದರು. 2024ರ ಜನವರಿಯಲ್ಲಿ ಇದೇ ಅತಿಥಿ ಉಪನ್ಯಾಸಕರು ಕೆಲಸ ಕಾಯಂ ಮಾಡಿ ಎಂದು ತುಮಕೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋಗಿದ್ದು ನಿಮಗೆ ನೆನಪಿರಬಹುದು.

ಆ ದಿನಗಳಲ್ಲಿ ಸುದ್ದಿಗೆಂದು ಮಾತಾಡಿಸಿದ್ದ ಒಬ್ಬ ಅತಿಥಿ ಉಪನ್ಯಾಸಕಿ ಹೇಳಿದ್ದರು: "ಪಾಠಕ್ಕೆ ನಾವು ಬೇಕು ಸಾರ್. ಕಾಲೇಜಿನ ವಿಷಯದಲ್ಲಿ ಒಂದು ಮಾತು ಆಡೋದಕ್ಕೆ ಮಾತ್ರ ನಾವು ಬೇಡ." ಸುದ್ದಿಯಲ್ಲಿ ಈ ಮಾತಿಗೆ ಜಾಗ ಸಿಗಲಿಲ್ಲ. ಸಂಬಳದ ಅಂಕಿಗಳಿಗೇ ಕಾಲಂ ತುಂಬಿಹೋಗಿತ್ತು. ಆದರೆ ಅವರು ಹೇಳಿದ್ದು ಹೊಸ ಸಂಕಟ ಅಲ್ಲ. ಜಗತ್ತಿನ ಅತಿ ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳಲ್ಲಿ ಒಂದಾದ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಇದೇ ಜಗಳ ಸುಮಾರು ಎಂಬತ್ತು ವರ್ಷ ನಡೆಯಿತು. ಅಲ್ಲಿ ಕೆಲಸಕ್ಕೆ ಬೇಕಾಗಿ ವೋಟಿಗೆ ಬೇಡವಾದವರು ಹೆಂಗಸರು. ಆ ಕಥೆಯಲ್ಲಿ ನಮ್ಮ ಬೆಂಗಳೂರಿನಿಂದ ಹೋದ ಒಬ್ಬ ಹೆಣ್ಣುಮಗಳೂ ಬರುತ್ತಾಳೆ.

ಮೊದಲು ವೋಟು ಅಂದರೆ ಯಾವ ವೋಟು ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ಶಿಕ್ಷಕರ ವೋಟು ಅಂದರೆ ವಿಧಾನ ಪರಿಷತ್ತಿನ ಚುನಾವಣೆ. ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು, 7 ಪದವೀಧರರ ಕ್ಷೇತ್ರದವು. ಕೇಂಬ್ರಿಡ್ಜ್‌ನ ಜಗಳ ಅದಲ್ಲ. ಅಲ್ಲಿನ ವಿಶ್ವವಿದ್ಯಾಲಯ ನಡೆಯುತ್ತಿದ್ದದ್ದು ಗ್ರಾಮಸಭೆಯ ಹಾಗೆ. ಕಾಯ್ದೆ ಬದಲಿಸಬೇಕಾದರೆ, ಹೊಸ ಕೋರ್ಸು ತರಬೇಕಾದರೆ ಎಲ್ಲ ಸದಸ್ಯರೂ ಸೆನೆಟ್ ಹೌಸ್ ಎಂಬ ಕಟ್ಟಡಕ್ಕೆ ಬಂದು ವೋಟು ಹಾಕಬೇಕು. ಒಪ್ಪಿದರೆ 'ಪ್ಲೇಸೆಟ್', ಒಪ್ಪದಿದ್ದರೆ 'ನಾನ್ ಪ್ಲೇಸೆಟ್'. ಲ್ಯಾಟಿನ್ ಭಾಷೆಯಲ್ಲಿ ಸಮ್ಮತ, ಅಸಮ್ಮತ ಅಂತ ಅರ್ಥ.

ಆ ಸಭೆಯ ಸದಸ್ಯರು ಯಾರು? ಎಂ.ಎ. ಆದವರೆಲ್ಲ. ಕೇಂಬ್ರಿಡ್ಜ್‌ನ ಎಂ.ಎ.ಗೆ ಬೇರೆ ಪರೀಕ್ಷೆ ಇಲ್ಲ. ಬಿ.ಎ. ಮುಗಿಸಿ ಕೆಲವು ವರ್ಷ ಕಳೆದ ಮೇಲೆ ಶುಲ್ಕ ಕಟ್ಟಿದರೆ ಆಯಿತು. ಒಮ್ಮೆ ಎಂ.ಎ. ಆದರೆ ಸಾಯುವವರೆಗೂ ವೋಟು. ಊರು ಬಿಟ್ಟು ಮೂವತ್ತು ವರ್ಷವಾಗಿ, ಎಲ್ಲೋ ಒಂದು ಹಳ್ಳಿಯ ಚರ್ಚಿನಲ್ಲಿ ಪಾದ್ರಿಯಾಗಿರುವ ಗಂಡಸಿಗೂ ವೋಟು ಇತ್ತು. ಪದವಿ ಪಡೆದ ಭಾರತೀಯ ಗಂಡಸಿಗೂ ಈ ದಾರಿ ಮುಚ್ಚಿರಲಿಲ್ಲ. ಆದರೆ ಅದೇ ಊರಿನಲ್ಲಿದ್ದು, ದಿನವೂ ಪಾಠ ಮಾಡುವ ಇಂಗ್ಲಿಷ್ ಹೆಂಗಸಿಗೆ ಇರಲಿಲ್ಲ. ಯಾಕೆಂದರೆ ವೋಟು ಬರುವುದು ಪದವಿಯಿಂದ, ಹೆಂಗಸಿಗೆ ಪದವಿಯೇ ಇಲ್ಲ.

ಪದವಿ ಇಲ್ಲದೆ ಪಾಠ ಹೇಗೆ ಮಾಡುತ್ತಿದ್ದರು ಅಂತ ಕೇಳುತ್ತೀರಿ. 1869ರಲ್ಲಿ ಎಮಿಲಿ ಡೇವಿಸ್ ಎಂಬುವರು ಹೆಣ್ಣುಮಕ್ಕಳ ಕಾಲೇಜೊಂದನ್ನು ಶುರುಮಾಡಿದರು. ಮುಂದೆ ಅದೇ ಗರ್ಟನ್ ಕಾಲೇಜು. 1871ರಲ್ಲಿ ಆನ್ ಕ್ಲಫ್ ಅವರ ಮೇಲ್ವಿಚಾರಣೆಯಲ್ಲಿ ನ್ಯೂನ್ಹಮ್ ಹುಟ್ಟಿತು. ವಿಶ್ವವಿದ್ಯಾಲಯ ಇವೆರಡನ್ನೂ ತನ್ನವು ಅಂತ ಒಪ್ಪಲಿಲ್ಲ, ಓಡಿಸಲೂ ಇಲ್ಲ. 1881ರಲ್ಲಿ ಹೆಣ್ಣುಮಕ್ಕಳು ಗಂಡಸರ ಪರೀಕ್ಷೆಯನ್ನೇ ಬರೆಯಬಹುದು ಅಂತ ಆಯಿತು. ಫಲಿತಾಂಶವನ್ನೂ ಪ್ರಕಟಿಸುತ್ತಾರೆ. ಪದವಿ ಮಾತ್ರ ಕೊಡುವುದಿಲ್ಲ.

1890ರಲ್ಲಿ ಏನಾಯಿತು ನೋಡಿ. ಆಗ ಗಣಿತದ ಪರೀಕ್ಷೆಯಲ್ಲಿ ಮೊದಲು ಬಂದವನಿಗೆ 'ಸೀನಿಯರ್ ರ‍್ಯಾಂಗ್ಲರ್' ಅನ್ನುವ ಬಿರುದು. ಇಡೀ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಅವನ ಹೆಸರು. ಆ ವರ್ಷ ಫಿಲಿಪ್ಪಾ ಫಾಸೆಟ್ ಎಂಬ ನ್ಯೂನ್ಹಮ್ ಹುಡುಗಿ ಆ ಮೊದಲನೆಯವನಿಗಿಂತಲೂ ಹೆಚ್ಚು ಅಂಕ ತೆಗೆದಳು. ಪಟ್ಟಿ ಓದುವಾಗ ಅವಳ ಸ್ಥಾನವನ್ನು ಹೇಳಿದ್ದು 'ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ' ಅಂತ. ಬಿರುದು ಅವನಿಗೇ ಉಳಿಯಿತು.

ಇನ್ನು ಈ ಕಾಲೇಜುಗಳ ಮೇಡಂಗಳ ಕಾರ್ಯಭಾರ. ಇತಿಹಾಸ ಬರೆಯುವವರು ವೋಟಿನ ಗಲಾಟೆಯನ್ನು ವಿವರವಾಗಿ ಹೇಳುತ್ತಾರೆ, ದಿನದ ಕೆಲಸವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಕೆಲಸದ ಕಥೆಯೇ ದೊಡ್ಡದು ಅನ್ನಿಸುತ್ತದೆ. ವಿಶ್ವವಿದ್ಯಾಲಯದ ತರಗತಿಗಳಿಗೆ ಹೆಣ್ಣುಮಕ್ಕಳು ಹೋಗುವುದು ಹಕ್ಕಾಗಿರಲಿಲ್ಲ. ಆ ಪ್ರೊಫೆಸರ್ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಪ್ಪಿದರೂ ಹುಡುಗಿಯರ ಜೊತೆ ಒಬ್ಬ ಹಿರಿಯ ಹೆಂಗಸು ಕಾವಲಿಗೆ ಹೋಗಬೇಕು. ಹಾಗಾಗಿ ಪಾಠದ ಭಾರ ಬಹುಪಾಲು ಮೇಡಂಗಳ ತಲೆ ಮೇಲೆ. ಪಾಠ, ಪ್ರಬಂಧ ತಿದ್ದುವುದು, ಜೊತೆಗೆ ಹಾಸ್ಟೆಲ್ ನೋಡಿಕೊಳ್ಳುವುದು. ಗಂಡಸರ ಕಾಲೇಜುಗಳಿಗೆ ರಾಜರ ಕಾಲದಿಂದ ಬಂದ ಜಮೀನು, ದತ್ತಿ ಇದ್ದವು. ಇವರ ಕಾಲೇಜುಗಳು ಶುಲ್ಕ ಮತ್ತು ದೇಣಿಗೆ ಮೇಲೆ ಬದುಕಬೇಕು. ಸಂಬಳವೂ ಅಷ್ಟಕ್ಕಷ್ಟೆ.

ವಿಜ್ಞಾನದ್ದು ಇನ್ನೂ ಕಷ್ಟ. ಪ್ರಯೋಗಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಸರಿಯಾದ ಜಾಗ ಇಲ್ಲದ್ದರಿಂದ 1884ರಲ್ಲಿ ತಮ್ಮದೇ ಒಂದು ಪ್ರಯೋಗಾಲಯ ಮಾಡಿಕೊಂಡರು. ಬಾಲ್ಫರ್ ಲ್ಯಾಬ್ ಅಂತ ಅದರ ಹೆಸರು. ನ್ಯೂನ್ಹಮ್‌ನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು ಇಡಾ ಫ್ರೂಯಿಂಡ್. ಆಸ್ಟ್ರಿಯಾದಲ್ಲಿ ಹುಟ್ಟಿ ಬಂದವರು. ಎಳೆಯ ವಯಸ್ಸಿನಲ್ಲಿ ಸೈಕಲ್ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಮೂಲವಸ್ತುಗಳ ಕೋಷ್ಟಕ ಹುಡುಗಿಯರ ತಲೆಗೆ ಹತ್ತಲಿ ಎಂದು ಒಂದೊಂದು ಮೂಲವಸ್ತುವಿಗೆ ಒಂದೊಂದು ಪುಟ್ಟ ಕೇಕ್ ಮಾಡಿಸಿ, ಮೇಲೆ ಸಕ್ಕರೆಯಲ್ಲಿ ಅದರ ಗುರುತು ಬರೆಸಿ ಮೇಜಿನ ಮೇಲೆ ಕೋಷ್ಟಕದ ಕ್ರಮದಲ್ಲೇ ಜೋಡಿಸಿ ಇಟ್ಟಿದ್ದರಂತೆ. ಹೈಸ್ಕೂಲಿನಲ್ಲಿ ಆ ಕೋಷ್ಟಕಕ್ಕೆ ಹೆದರಿ ಓಡಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಇಂಥ ಮೇಡಂ 1914ರಲ್ಲಿ ತೀರಿಕೊಂಡಾಗಲೂ ಆ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಅದರ ಸದಸ್ಯೆ ಆಗಿರಲಿಲ್ಲ.

ಈಗ ಗಲಾಟೆಗೆ ಬರೋಣ. 1897ರಲ್ಲಿ ಒಂದು ಪ್ರಸ್ತಾಪ ಸೆನೆಟ್ ಮುಂದೆ ಬಂತು. ಅದು ಕೇಳಿದ್ದು ಬಹಳ ಕಡಿಮೆ. ಪರೀಕ್ಷೆ ಪಾಸಾದ ಹೆಣ್ಣುಮಕ್ಕಳಿಗೆ ಪದವಿಯ ಹೆಸರನ್ನಷ್ಟೇ ಕೊಡಿ, ಸದಸ್ಯತ್ವ ಬೇಡ, ವೋಟು ಬೇಡ. ಅಷ್ಟಕ್ಕೇ ಗಂಡಸರು ಬೆಚ್ಚಿದರು. ಇಂದು ಹೆಸರು ಕೊಟ್ಟರೆ ನಾಳೆ ವೋಟು ಕೇಳುತ್ತಾರೆ, ವೋಟು ಬಂದರೆ ಗಂಡಸರ ವಿಶ್ವವಿದ್ಯಾಲಯವನ್ನು ಹೆಂಗಸರು ಆಳುತ್ತಾರೆ ಅಂತ ಅವರ ವಾದ. ಹೆಂಗಸರಿಗೆ ಬುದ್ಧಿ ಸಾಲದು ಎನ್ನುವ ಹಳೇ ಮಾತು ಫಿಲಿಪ್ಪಾ ಫಾಸೆಟ್ ಆದ ಮೇಲೆ ಅಷ್ಟು ಸುಲಭವಾಗಿ ಓಡುತ್ತಿರಲಿಲ್ಲ. ಉಳಿದದ್ದು ಅಧಿಕಾರದ ಭಯ ಒಂದೇ.

ಮೇ 21, 1897. ಊರು ಬಿಟ್ಟುಹೋಗಿದ್ದ ಎಂ.ಎ.ಗಳು ವೋಟು ಹಾಕಲೆಂದೇ ಲಂಡನ್ನಿನಿಂದ ವಿಶೇಷ ರೈಲು ಹತ್ತಿ ಬಂದರು. ಪಂಚಾಯ್ತಿ ಚುನಾವಣೆಗೆ ಬೆಂಗಳೂರಿನಿಂದ ಬಸ್ಸು ಮಾಡಿ ಮತದಾರರನ್ನು ಕರೆಸುವುದನ್ನು ಕಂಡ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಸೆನೆಟ್ ಹೌಸ್ ಎದುರಿನ ಪುಸ್ತಕದಂಗಡಿಯ ಮೇಲಿನ ಕಿಟಕಿಯಿಂದ ಹುಡುಗರು ಸೈಕಲ್ ಮೇಲೆ ಕೂತ ಹೆಂಗಸಿನ ಗೊಂಬೆಯೊಂದನ್ನು ನೇತುಹಾಕಿದ್ದರು. ಫಲಿತಾಂಶ: ಪರವಾಗಿ 661, ವಿರುದ್ಧವಾಗಿ 1,707. ಗೆದ್ದ ಖುಷಿಯಲ್ಲಿ ಹುಡುಗರು ಗೊಂಬೆಯನ್ನು ಕೆಳಗಿಳಿಸಿ ಹರಿದು ಚಿಂದಿ ಮಾಡಿದರು. ಪಟಾಕಿ ಹೊಡೆದು ಮಾರುಕಟ್ಟೆ ಬೀದಿಯಲ್ಲಿ ಬೆಂಕಿ ಹಾಕಿ ಕುಣಿದರು.

ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಪಾಠ ನಿಲ್ಲಲಿಲ್ಲ.

ನಂತರ ಮೊದಲ ಮಹಾಯುದ್ಧ ಬಂತು. ಗಂಡುಹುಡುಗರು ಯುದ್ಧಕ್ಕೆ ಹೋದರು, ಕೇಂಬ್ರಿಡ್ಜ್ ಖಾಲಿ ಖಾಲಿ. 1918ರಲ್ಲಿ ಬ್ರಿಟನ್ನಿನ ಮೂವತ್ತು ದಾಟಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಪಾರ್ಲಿಮೆಂಟಿನ ವೋಟು ಬಂತು. ಇಲ್ಲೊಂದು ವಿಚಿತ್ರ ಇದೆ. ಆಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯವೇ ಒಂದು ಪಾರ್ಲಿಮೆಂಟ್ ಕ್ಷೇತ್ರ, ನಮ್ಮ ಪದವೀಧರರ ಕ್ಷೇತ್ರ ಇದ್ದ ಹಾಗೆ. ಗಂಡಸಾಗಿದ್ದರೆ ಪದವಿ ಸಿಗುತ್ತಿತ್ತು ಎನ್ನುವಷ್ಟು ಓದಿ ಪರೀಕ್ಷೆ ಪಾಸಾದ ಹೆಂಗಸಿಗೆ ಆ ಕ್ಷೇತ್ರದಲ್ಲಿ ವೋಟು ಕೊಟ್ಟರು. ಅಂದರೆ ವಿಶ್ವವಿದ್ಯಾಲಯದ ಎಂ.ಪಿ.ಯನ್ನು ಲಂಡನ್ನಿಗೆ ಕಳಿಸಲು ಅವಳ ವೋಟು ನಡೆಯುತ್ತದೆ. ಅದೇ ವಿಶ್ವವಿದ್ಯಾಲಯದ ಪಠ್ಯದ ಬಗ್ಗೆ ಕೈ ಎತ್ತಲು ನಡೆಯುವುದಿಲ್ಲ!

1920ರಲ್ಲಿ ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಕೇಂಬ್ರಿಡ್ಜ್ ಮತ್ತೆ ವೋಟಿಗೆ ಹಾಕಿತು. ಪೂರ್ಣ ಸದಸ್ಯತ್ವದ ಪರವಾಗಿ 712, ವಿರುದ್ಧ 904. 1921ರ ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು. ಈ ಸಲ 1897ರಲ್ಲಿ ಕೇಳಿದ್ದನ್ನು ಕೊಟ್ಟರು: ಪದವಿಯ ಹೆಸರು, ಸದಸ್ಯತ್ವ ಇಲ್ಲದೆ. ಬಿ.ಎ. ಅಂತ ಹೆಸರಿನ ಮುಂದೆ ಹಾಕಿಕೊಳ್ಳಬಹುದು, ಆದರೆ ಬಿ.ಎ.ಗೆ ಇರುವ ಯಾವ ಹಕ್ಕೂ ಇಲ್ಲ. ಅಷ್ಟು ಸಿಕ್ಕಿದ್ದಕ್ಕೇ ಹುಡುಗರ ಗುಂಪೊಂದು ಕೈಗಾಡಿ ತಳ್ಳಿಕೊಂಡು ನ್ಯೂನ್ಹಮ್ ಕಾಲೇಜಿಗೆ ಹೋಗಿ, ಅದರಿಂದ ಗುದ್ದಿ ಗುದ್ದಿ ಕಂಚಿನ ಗೇಟನ್ನು ಮುರಿಯಿತು. ಆ ಗೇಟು ಇದ್ದದ್ದು ಕಾಲೇಜು ಕಟ್ಟಿದ ಆನ್ ಕ್ಲಫ್ ಅವರ ನೆನಪಿಗೆ.

1926ರ ಹೊಸ ಕಾಯ್ದೆಗಳು ಈ ಕಥೆಯ ಮುಖ್ಯ ತಿರುವು. ಹಳೇ ಎಂ.ಎ.ಗಳೆಲ್ಲ ರೈಲು ಹತ್ತಿ ಬಂದು ಆಳುವುದು ಸರಿಯಲ್ಲ, ಇಲ್ಲಿದ್ದು ಕೆಲಸ ಮಾಡುವ ಮೇಷ್ಟ್ರುಗಳೇ ಆಳಲಿ ಅಂತ ಸೆನೆಟ್ಟಿನ ಅಧಿಕಾರದ ಬಹುಪಾಲನ್ನು 'ರೀಜೆಂಟ್ ಹೌಸ್' ಎಂಬ ಸಭೆಗೆ ಕೊಟ್ಟರು. ಅಂದರೆ ಕೆಲಸ ಮಾಡುವವರಿಗೇ ವೋಟು ಅನ್ನುವ ತತ್ವ ಬಂತು. ಅದೇ ಕಾಯ್ದೆಗಳಲ್ಲಿ ಹೆಂಗಸರನ್ನೂ ವಿಶ್ವವಿದ್ಯಾಲಯದ ಉಪನ್ಯಾಸಕರ, ಪ್ರೊಫೆಸರರ ಹುದ್ದೆಗೆ ನೇಮಿಸಬಹುದು ಅಂತಲೂ ಆಯಿತು. ಎರಡನ್ನೂ ಕೂಡಿಸಿದರೆ ಹೆಂಗಸರಿಗೆ ವೋಟು ಬರಬೇಕಲ್ಲ? ಬರಲಿಲ್ಲ. ಗಂಡುಹುಡುಗರಿಗೆ ಪಾಠ ಮಾಡಬಹುದು, ತಮ್ಮ ವಿಷಯದ ಸಮಿತಿಯಲ್ಲಿ ಕೂರಬಹುದು. ರೀಜೆಂಟ್ ಹೌಸಿಗೆ ಮಾತ್ರ ಪ್ರವೇಶವಿಲ್ಲ, ಯಾಕೆಂದರೆ ಅವರ ಪದವಿ ಹೆಸರಿನದ್ದು. ಇದಲ್ಲದೆ ಹೆಣ್ಣು ವಿದ್ಯಾರ್ಥಿಗಳ ಸಂಖ್ಯೆ 500 ದಾಟಬಾರದು ಅಂತ ಬೇರೆ ಗೆರೆ ಎಳೆದರು.

1897ರಲ್ಲಿ 'ಅವರು ನಮ್ಮವರಲ್ಲ' ಎಂದರೆ ಅದು ಹಳೇ ಕಾಲದ ಮಾತು ಅಂತ ಸುಮ್ಮನಾಗಬಹುದು. 1926ರಲ್ಲಿ ನೇಮಕದ ಆದೇಶ ಕೊಟ್ಟು, ಸಂಬಳ ಕೊಟ್ಟು, ಗಂಟೆ ಹಂಚಿ, ಆಮೇಲೆ ಸದಸ್ಯರಲ್ಲ ಅಂದದ್ದನ್ನು ಏನೆನ್ನಬೇಕು? ನನ್ನ ಪ್ರಕಾರ ಗೊಂಬೆ ಹರಿದ ಹುಡುಗರಿಗಿಂತ ಈ ಕಾಯ್ದೆ ಬರೆದವರೇ ಹೆಚ್ಚು ತಿಳಿದು ಮಾಡಿದ್ದು.

ಈ ಕಾಯ್ದೆಯ ಬೆಲೆ ಏನು ಅಂತ ಒಬ್ಬರ ಬದುಕಿನಲ್ಲಿ ನೋಡಬಹುದು. ಡೊರೊಥಿ ಗ್ಯಾರಡ್. 1892ರಲ್ಲಿ ಹುಟ್ಟಿದವರು, ನ್ಯೂನ್ಹಮ್‌ನಲ್ಲಿ ಓದಿದವರು. ಮೂವರು ಸಹೋದರರನ್ನು ಯುದ್ಧದ ಆ ವರ್ಷಗಳಲ್ಲಿ ಕಳೆದುಕೊಂಡರು. ಆಮೇಲೆ ನೆಲ ಅಗೆದು ಆದಿಮಾನವರ ಕುರುಹು ಹುಡುಕುವ ಕೆಲಸಕ್ಕೆ ಇಳಿದರು. ಜಿಬ್ರಾಲ್ಟರಿನಲ್ಲಿ ನಿಯಾಂಡರ್ತಲ್ ಮಗುವಿನ ತಲೆಬುರುಡೆ ಸಿಕ್ಕಿತು. 1929ರಿಂದ 1934ರವರೆಗೆ ಪ್ಯಾಲೆಸ್ತೀನಿನ ಕಾರ್ಮೆಲ್ ಬೆಟ್ಟದ ಗುಹೆಗಳಲ್ಲಿ ಅಗೆತ ನಡೆಸಿದರು.

ಅಲ್ಲಿ ಅವರು ಕೂಲಿಗೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಪಕ್ಕದ ಜೆಬಾ, ಇಜ್ಜಿಮ್ ಹಳ್ಳಿಗಳ ಅರಬ್ ಹೆಂಗಸರು. ನಮ್ಮ ಉದ್ಯೋಗ ಖಾತ್ರಿಯ ಕೆರೆ ಕೆಲಸದಲ್ಲಿ ಕಾಣುತ್ತೇವಲ್ಲ, ಹಾಗೆ ಸಾಲಾಗಿ ಕೂತು ಮಣ್ಣು ಕೆರೆದು ಜರಡಿ ಹಿಡಿಯುವ ಹೆಂಗಸರು. ಅವರಲ್ಲಿ ಯುಸ್ರಾ ಎಂಬಾಕೆಯ ಕಣ್ಣು ಬಹಳ ಚುರುಕು. ಒಂದು ದಿನ ಮಣ್ಣಿನಲ್ಲಿ ಒಂದು ಹಲ್ಲು ಕಂಡವಳು ಅವಳೇ. ಅದರ ಹಿಂದೆ ಹೋದಾಗ ಸಿಕ್ಕಿದ್ದು ಪುರಾತನ ಹೆಂಗಸೊಬ್ಬಳ ತಲೆಬುರುಡೆ. ತಬೂನ್ ಗುಹೆಯ ಬುರುಡೆ ಅಂತ ಅದು ಇಂದಿಗೂ ಪಾಠಪುಸ್ತಕಗಳಲ್ಲಿದೆ. ನಾನೂ ಕೇಂಬ್ರಿಡ್ಜ್‌ಗೆ ಬರಬೇಕು ಅಂತ ಯುಸ್ರಾ ಕನಸು ಹೇಳಿಕೊಳ್ಳುತ್ತಿದ್ದಳಂತೆ. ಅವಳನ್ನು ಕೆಲಸಕ್ಕೆ ಕರೆದಿದ್ದ ಮೇಡಮ್ಮನವರೇ ಅಲ್ಲಿ ಸದಸ್ಯೆ ಅಲ್ಲ ಎಂಬುದು ಅವಳಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ.

1939ರ ಮೇ ತಿಂಗಳಲ್ಲಿ ಗ್ಯಾರಡ್ ಅವರನ್ನು ಪುರಾತತ್ವದ ಡಿಸ್ನಿ ಪ್ರೊಫೆಸರ್ ಹುದ್ದೆಗೆ ಆರಿಸಿದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೂ ಸೇರಿ ಪ್ರೊಫೆಸರ್ ಆದ ಮೊದಲ ಮಹಿಳೆ ಅವರು. ವಿಭಾಗ ನಡೆಸುವುದು, ಪಾಠ, ಪಠ್ಯಕ್ರಮ ಎಲ್ಲ ಅವರ ಮೇಲೆ. ಆದರೆ ಅದೇ ಪಠ್ಯಕ್ರಮ ಸೆನೆಟ್ ಹೌಸಿಗೆ ಬಂದಾಗ ಅಲ್ಲಿ ಅವರು ವೋಟು ಹಾಕುವಂತಿಲ್ಲ. ಅವರ ಕೈಕೆಳಗೆ ಓದಿ ನಾಲ್ಕಾರು ವರ್ಷದಲ್ಲಿ ಅಲ್ಲಿಯೇ ಕೆಲಸ ಹಿಡಿದ ಹುಡುಗನಿಗೆ ಆ ವೋಟು ಸಿಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಗ್ಯಾರಡ್ ವಾಯುಸೇನೆಗೆ ಸೇರಿ, ವಿಮಾನದಿಂದ ತೆಗೆದ ಚಿತ್ರಗಳನ್ನು ಓದಿ ಶತ್ರುವಿನ ನೆಲೆ ಗುರುತಿಸುವ ಕೆಲಸ ಮಾಡಿದರು. ವಾಪಸು ಬಂದರು, ಮತ್ತೆ ಪಾಠ. ವೋಟು ಆಗಲೂ ಇಲ್ಲ.

ನಮ್ಮ ಬೆಂಗಳೂರಿನ ಕೊಂಡಿ ಇರುವುದು ಇದೇ ವರ್ಷಗಳಲ್ಲಿ. ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೊನಿ. 1933ರಲ್ಲಿ ಮುಂಬೈಯಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರು ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಬೇಡ ಎಂದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಇರಲಿ ಎಂಬ ಷರತ್ತು ಹಾಕಿ ಸೇರಿಸಿಕೊಂಡರು. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಅವರು ಮಾಡಿದ ಕೆಲಸ ನೋಡಿದ ಮೇಲೆ ರಾಮನ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು.

ಅಲ್ಲಿಂದ ಕಮಲಾ ಹೋಗಿದ್ದು ಕೇಂಬ್ರಿಡ್ಜ್‌ನ ನ್ಯೂನ್ಹಮ್ ಕಾಲೇಜಿಗೆ. ಗಿಡಗಳ ಜೀವಕೋಶ ಉಸಿರಾಡುವುದಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಗಳಲ್ಲಿ ಇದೆ ಎಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವರ ಹೆಸರು ಇದೆ. ಪ್ರಬಂಧ ನಲವತ್ತೇ ಪುಟ. ಆದರೆ 1939ರಲ್ಲಿ ಕೇಂಬ್ರಿಡ್ಜ್ ಹೆಂಗಸರಿಗೆ ಕೊಡುತ್ತಿದ್ದದ್ದು ಪದವಿಯ ಹೆಸರು ಮಾತ್ರ. ಬೆಂಗಳೂರಿನಲ್ಲಿ ಬಾಗಿಲಲ್ಲೇ ತಡೆದರು, ಅಲ್ಲಿ ಒಳಗೆ ಕೂರಿಸಿ ಎಲ್ಲ ಕಲಿಸಿ ಕೊನೆಯ ಮೆಟ್ಟಿಲಲ್ಲಿ ತಡೆದರು. ಭಾರತಕ್ಕೆ ಮರಳಿ ದೆಹಲಿ, ಕೂನೂರು, ಮುಂಬೈಗಳಲ್ಲಿ ಕೆಲಸ ಮಾಡಿದ ಅವರು ಮುಂದೆ ಈಚಲ ಮರದ ನೀರಾದ ಪೌಷ್ಟಿಕತೆಯ ಬಗ್ಗೆಯೂ ಸಂಶೋಧನೆ ನಡೆಸಿದರು. ಬಡ ಮಕ್ಕಳಿಗೆ, ಬಸುರಿಯರಿಗೆ ಅದು ಒಳ್ಳೆಯದೆಂದು ತೋರಿಸಿದ ಕೆಲಸ ಅದು. ನೀರಾ ಇಳಿಸುವ ಊರಿನವರು ಇವರ ಹೆಸರು ತಿಳಿದಿರಬೇಕು.

ಕೊನೆಗೆ ಕೇಂಬ್ರಿಡ್ಜ್ ಒಪ್ಪಿದ್ದು ಹೇಗೆ? ಇಷ್ಟು ಗಲಾಟೆ ಮಾಡಿದವರು ಕೊನೆಯಲ್ಲಿ ಗಲಾಟೆಯನ್ನೇ ಮಾಡಲಿಲ್ಲ. 1947ರ ಡಿಸೆಂಬರ್ 6ರಂದು, ನಮಗೆ ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳಿಗೆ, ರೀಜೆಂಟ್ ಹೌಸಿನ ಮುಂದೆ ಪೂರ್ಣ ಸದಸ್ಯತ್ವದ ಪ್ರಸ್ತಾಪ ಬಂತು. ಒಬ್ಬರೂ ವಿರೋಧಿಸಲಿಲ್ಲ, ವೋಟು ಎಣಿಸುವ ಪ್ರಮೇಯವೇ ಬರಲಿಲ್ಲ. ಅದು ಜಾರಿಗೆ ಬಂದದ್ದು 1948ರಲ್ಲಿ. ಆ ವರ್ಷ ಅಕ್ಟೋಬರಿನಲ್ಲಿ ಮೊದಲು ಪದವಿ ಕೊಟ್ಟದ್ದು ಯಾರಿಗೆ ಗೊತ್ತೇ? ರಾಣಿ ಎಲಿಜಬೆತ್‌ಗೆ, ಅಂದರೆ ಆರನೇ ಜಾರ್ಜ್ ದೊರೆಯ ಹೆಂಡತಿಗೆ, ಗೌರವ ಪದವಿ. ಒಂದು ದಿನವೂ ಅಲ್ಲಿ ಓದದ, ಒಂದು ಗಂಟೆಯೂ ಪಾಠ ಮಾಡದ ರಾಣಿ ಮುಂದೆ, ಜೀವಮಾನ ಸವೆಸಿದ ಮೇಡಂಗಳು ಹಿಂದೆ. ಇಂಥದ್ದು ನಮ್ಮ ಊರಿನ ಸಮಾರಂಭಗಳಲ್ಲೂ ಕಂಡದ್ದೇ.

ಪ್ರೊಫೆಸರ್ ಆಗಿ ಒಂಬತ್ತು ವರ್ಷದ ಮೇಲೆ ಡೊರೊಥಿ ಗ್ಯಾರಡ್ ಅವರಿಗೆ ವೋಟು ಬಂತು. ಅದನ್ನು ಬಳಸಲು ಉಳಿದದ್ದು ನಾಲ್ಕೇ ವರ್ಷ, 1952ರಲ್ಲಿ ನಿವೃತ್ತರಾದರು. ಯುಸ್ರಾ ಮತ್ತು ಅವಳ ಜೊತೆಯವರು ಕೆಲಸಕ್ಕೆ ಬರುತ್ತಿದ್ದ ಹಳ್ಳಿಗಳಲ್ಲಿ ಒಂದಾದ ಜೆಬಾ ಅದೇ 1948ರ ಜುಲೈನ ಯುದ್ಧದಲ್ಲಿ ಖಾಲಿಯಾಯಿತು. ಅವಳು ಎಲ್ಲಿಗೆ ಹೋದಳೆಂಬ ಸುಳಿವು ಕೇಂಬ್ರಿಡ್ಜ್‌ನವರಿಗೆ ಸಿಗಲಿಲ್ಲ.

1998ರ ಜುಲೈನಲ್ಲಿ, ಅರ್ಧ ಶತಮಾನ ಕಳೆದ ಮೇಲೆ, ಕೇಂಬ್ರಿಡ್ಜ್ ಒಂದು ಸಮಾರಂಭ ಮಾಡಿತು. 1948ಕ್ಕೆ ಮುಂಚೆ ಓದಿ, ಘಟಿಕೋತ್ಸವ ಕಾಣದೆ ಮನೆಗೆ ಹೋಗಿದ್ದ ಹೆಂಗಸರನ್ನೆಲ್ಲ ಕರೆಯಿತು. ಸುಮಾರು 900 ಜನ ಬಂದರು. ಎಲ್ಲರೂ ಎಪ್ಪತ್ತರ ಆಚೀಚೆಯವರು, ಅದನ್ನು ಎಷ್ಟೋ ದಾಟಿದವರು. ಒಂದು ಕಾಲದಲ್ಲಿ ಸೈಕಲ್ ಮೇಲಿನ ಗೊಂಬೆ ನೇತುಹಾಕಿದ್ದ ಅದೇ ಬೀದಿಯಲ್ಲಿ ಸಾಲಾಗಿ ನಡೆದು ಸೆನೆಟ್ ಹೌಸಿನ ಒಳಗೆ ಹೋದರು.